ಟೇಪಕ್ಕನ ಮೂರು ಅಳತೆ

ಬೆಳಿಗ್ಗೆ ಆರು ಗಂಟೆ. ಸೇನಾ ಆಸ್ಪತ್ರೆಯ ಹಿಂಭಾಗದಲ್ಲಿರುವ ಕೃತಕ ಕಾಲಿನ ಕಾರ್ಯಾಗಾರದಲ್ಲಿ ಟೇಪಕ್ಕ ಕುಕ್ಕರಗಾಲಲ್ಲಿ ಕೂತು ಒಬ್ಬ ಸೈನಿಕನ ಮೊಂಡುಗಾಲಿಗೆ ಟೇಪು ಸುತ್ತುತ್ತಾರೆ. ಮೂವತ್ತನಾಲ್ಕು ಸೆಂಟಿಮೀಟರ್. ಮಧ್ಯಾಹ್ನ ಅದೇ ಕಾಲು, ಅದೇ ಟೇಪು: ಮೂವತ್ತಮೂರು. ಸಂಜೆಗೆ ಇನ್ನೂ ಅರ್ಧ ಕಡಿಮೆ. ಯಾವುದು ಸರಿ ಎಂದು ಕೇಳಿದರೆ, "ಮೂರೂ ಸರಿ. ಮೊದಲು ನಂಗೂ ತಲೆಬುಡ ತಿಳೀಲಿಲ್ಲ" ಎನ್ನುತ್ತಾರೆ. ನನಗಂತೂ ಈಗಲೂ ಪೂರ್ತಿ ತಿಳಿದಿಲ್ಲ, ತಿಳಿದಷ್ಟು ಬರೆಯುತ್ತಿದ್ದೇನೆ.

ಟೇಪಕ್ಕ ಎಂಬುದು ಗಾಯಾಳುಗಳೇ ಇಟ್ಟ ಹೆಸರು. ಹತ್ತೊಂಬತ್ತು ವರ್ಷದ ಕೆಲಸ, ದಿನಕ್ಕೆ ಆರೇಳು ಅಚ್ಚು, ಅಂದರೆ ಮೊಂಡುಗಾಲಿಗೆ ಪ್ಲಾಸ್ಟರು ಸುತ್ತಿ ತೆಗೆಯುವ ಪಡಿಯಚ್ಚು; ಕೃತಕ ಕಾಲು ತಯಾರಾಗುವುದು ಅದರ ಮೇಲೆಯೇ. ಪ್ಲಾಸ್ಟರಿನ ದೆಸೆಯಿಂದ ಬೆರಳ ಸಂದಿಗಳೆಲ್ಲ ಬಿರುಕು ಬಿಟ್ಟಿವೆ. ಮನೆಗೆ ಯಾರೇ ಬಂದರೂ ಇವಳು ಮುಖಕ್ಕಿಂತ ಮೊದಲು ಕಾಲು ನೋಡುತ್ತಾಳೆ ಎಂದು ತಂಗಿ ರೇಗಿಸುತ್ತಾಳಂತೆ.

ಹೋದ ವರ್ಷ ಸೇನೆಯ ಲಾರಿ ಚಾಲಕನೊಬ್ಬ ಬಂದ. ಮೊಣಕಾಲಿನ ಕೆಳಗೆ ಕಾಲಿರಲಿಲ್ಲ. ಟೇಪಕ್ಕ ಮಾಡಿಕೊಟ್ಟ ಕಾಲು ಬೆಳಿಗ್ಗೆ ಅಚ್ಚುಕಟ್ಟಾಗಿ ಕೂರುತ್ತಿತ್ತು, ಸಂಜೆಗೆ ಚರ್ಮ ಸುಲಿದಿರುತ್ತಿತ್ತು. ಮೂರು ಸಲ ಹೊಸ ಅಚ್ಚು, ಮೂರು ಸಲವೂ ಹುಣ್ಣು. ಕೇಳಿದರೆ ಎಲ್ಲ ಸರಿಯಾಗಿದೆ ಅಕ್ಕಾ ಅಂದುಬಿಡುತ್ತಿದ್ದ. ನೋವು ಹೇಳಿಕೊಳ್ಳುವುದು ಈ ಮಂದಿಗೆ ಬರುವುದೇ ಇಲ್ಲ. ಹುಣ್ಣು ಒಳಗಿಳಿಯುತ್ತಿದೆ, ತಿಂಗಳೊಳಗೆ ಮಾಯದಿದ್ದರೆ ಮೊಣಕಾಲನ್ನೂ ತೆಗೆಯಬೇಕು ಎಂದರು ಡಾಕ್ಟರು.

ಟೇಪಕ್ಕನಿಗೆ ದಿಕ್ಕೇ ತೋಚಲಿಲ್ಲ. ತಮ್ಮ ಕೈಯನ್ನೇ ಅನುಮಾನಿಸಿದರು, ಟೇಪು ಬದಲಿಸಿದರು. ಒಂದು ದಿನ ತಾವು ಬರುವ ಬಸ್ಸು ಕೆಟ್ಟು, ಮಧ್ಯಾಹ್ನ ಬಂದು ಚಾಲಕನ ಕಾಲು ಅಳೆದರೆ ಒಂದು ಸೆಂಟಿಮೀಟರ್ ಮಾಯ! ಬುದ್ಧಿ ಕೆಟ್ಟಿತೇನೋ ಎಂದು ಹೆದರಿ ಮೇಜಿನ ಕಾಲನ್ನೂ ಅಳೆದರಂತೆ. "ಮೇಜಿನ ಕಾಲು ಬೆಳಿಗ್ಗೆನೂ ಅಷ್ಟೇ, ಮಧ್ಯಾಹ್ನಾನೂ ಅಷ್ಟೇ. ಇವನದು ಮಾತ್ರ ಸಣ್ಣ ಆಗ್ತಿತ್ತು."

ಎದುರು ಕೋಣೆಯ ಆ ಡಾಕ್ಟರಿಗೇ ಹೇಳಿದರು. ರಾತ್ರಿ ಮಲಗಿದಾಗ ಊದುತ್ತದೆ, ನಡೆದಂತೆ ಇಳಿಯುತ್ತದೆ, ಅದರಲ್ಲೇನು ವಿಶೇಷ ಎಂದರು ಅವರು. ಆದರೆ ಅಚ್ಚೆಲ್ಲ ಬೆಳ್ಳಂಬೆಳಿಗ್ಗೆಯೇ ತೆಗೆಯುತ್ತಾರೆಂಬುದು ಅವರಿಗೆ ಗೊತ್ತಿರಲಿಲ್ಲ. ಊದಿದ ಕಾಲಿಗೆ ಹೊಂದಿಸಿದ ಕೃತಕ ಕಾಲು ಸಂಜೆಗೆ ಸಡಿಲವಾಗಿ ಚರ್ಮವನ್ನು ಉಜ್ಜುತ್ತಿತ್ತು. ಸೈನಿಕರು ಐದಕ್ಕೇ ಎದ್ದು ಸಾಲು ನಿಲ್ಲುತ್ತಾರೆ, ಏಳರೊಳಗೆ ಮುಗಿಸುವುದು ಇಲ್ಲಿನ ರೂಢಿ. ಎರಡು ಬಾಗಿಲುಗಳ ನಡುವೆ ಇರುವುದು ಆರು ಹೆಜ್ಜೆ. ಅಷ್ಟೂ ವರ್ಷ ಯಾರೂ ಯಾರನ್ನೂ ಕೇಳಲಿಲ್ಲವೇ? ನಾನೂ ಆರು ಹೆಜ್ಜೆ ಹೋಗಿಬಂದು ನೋಡಿದೆ, ಅರ್ಥವಾಗಲಿಲ್ಲ.

ಈಗ ಅಳತೆಯ ಚೀಟಿಯಲ್ಲಿ ಗಂಟೆ ಬರೆಯಲೂ ಜಾಗವಿದೆ. ಮೂರು ಹೊತ್ತು ಅಳೆದ ಮೇಲೆಯೇ ಅಚ್ಚು. ಊತ ಇಳಿದಂತೆ ಮೊಂಡುಗಾಲಿಗೆ ಒಂದರ ಮೇಲೊಂದು ತೊಡಲು ಒಂದೆರಡು ಕಾಲುಚೀಲ ಹೆಚ್ಚಿಗೆ ಕೊಡುತ್ತಾರೆ. ಚಾಲಕನ ಹುಣ್ಣು ಇಪ್ಪತ್ತಾರನೆಯ ದಿನ ಮಾಯಿತು. ಮೊಣಕಾಲು ಉಳಿಯಿತು.

ಹೆಮ್ಮೆಯಾಗುವುದಿಲ್ಲವೇ ಎಂದು ಕೇಳಿದೆ. ಟೇಪಕ್ಕ ಕಪಾಟಿನತ್ತ ನೋಡುತ್ತಾರೆ. ಅದರ ತುಂಬ ಹಳೆಯ ಚೀಟಿಗಳ ಕಟ್ಟು, ಒಂದರಲ್ಲೂ ಗಂಟೆಯಿಲ್ಲ.

"ಈ ಚೀಟಿಯವ್ರೆಲ್ಲ, ಸರಿಯಾಗಿದೆ ಅಕ್ಕಾ ಅಂತಾನೇ ಹೇಳಿ ಹೋದ್ರು. ಯಾರಿಗೆ ಸರಿಯಿತ್ತೋ, ಯಾರಿಗಿರ್ಲಿಲ್ವೋ, ನಂಗೆ ಹೇಗೆ ಗೊತ್ತಾಗ್ಬೇಕು? ಒಂದ್ಸಲ ಬಂದು ಹೋಗ್ಲಿ. ಬೆಳಿಗ್ಗೆ ಬೇಡ. ಮಧ್ಯಾಹ್ನದ ಮೇಲೆ ಬರ್ಲಿ."