ತುಂಬ ತುಂಬ ಅಂದ ಡಬ್ಬಿ

ನಾ ಸಾಲಿ ಮೆಟ್ಟಲಾ ಹತ್ತಿದಂವಲ್ಲ. ಆದ್ರ ಕೆಟ್ಟ ರೇಡಿಯೋ ನನ್ನ ಕಂಡ್ರ ತಾನಾಗೇ ಹಾಡತೈತಿ. ನನ್ನ ಹಳೇ ಜೀಪಿಗೆ ನಾನ ಕೂಡ್ರಿಸಿದ ಹಾರ್ನ್ ಉಗಾರದಾಗ ಒತ್ತಿದ್ರ ಅಥಣ್ಯಾಗ ದನ ಹಾದಿ ಬಿಡ್ತಾವು.

ಹಂಗ ಒಮ್ಮೆ, ನೀರಿನ ಟಾಕಿ ತುಂಬಿದ ಕೂಡಲೇ ಮಾತಾಡೋ ಡಬ್ಬಿ ಮಾಡಿ, ಮಂಗಸೂಳಿಯ ಒಬ್ಬ ದ್ರಾಕ್ಷಿ ತೋಟದ ಸಾಹುಕಾರ್ರಿಗೆ ಕೂಡ್ರಿಸಿಕೊಟ್ಟೆ. ಅದರಾಗ ನನ್ನದ ದನಿ. ಗಡಿಯಂವ ನೋಡ್ರಿ, ಬಾಯಿಗೆ ಮರಾಠಿ ಬಂತು: "ಥಾಂಬ! ಥಾಂಬ!" ನಿಲ್ಲು ಅಂತ.

ಮರುದಿನ ಹೋದ್ರ ಟಾಕಿ ಉಕ್ಕಿ, ಒಣದ್ರಾಕ್ಷಿ ಶೆಡ್ಡಿಗೆ ನೀರು ಹೊಕ್ಕಿತ್ತು. ಸಾಹುಕಾರ್ರು ಮೋಟರ ನೋಡಿಕೊಳ್ಳೋ ಹೆಣ್ಮಗಳಿಗೆ, "ನೀ ಏನ್ ಕಿವುಡಿ ಏನಬೇ? ನಾಳಿಂದ ಬರಬ್ಯಾಡ," ಅನ್ನಾಕತ್ತಿದ್ರು. ಆಕಿ ರಾಯಬಾಗ ಕಡೆಯಿಂದ ಹೊಸದಾಗಿ ಬಂದಾಕಿ, ಮರಾಠಿ ಒಂದಕ್ಷರ ಬರೂದಿಲ್ಲ.

"ಕೇಳಿಸ್ತರಿ ಯಪ್ಪಾ! ಡಬ್ಬಿ 'ತುಂಬ, ತುಂಬ' ಅಂತ ಹೊಯ್ಕೊಂತು. ನಾ ತುಂಬಿದೆ," ಅಂದಳು.

ಸಾಹುಕಾರ್ರು ನನ್ನ ಕಡೆ ನೋಡಿದ್ರು. ಸುಳ್ಳು ನನಗ ಹೊಸದಲ್ಲ. ಒಂದು ಹೇಳಿದ್ರ ನನ್ನ ಹೆಸರು ಉಳೀತಿತ್ತು, ಆಕಿ ಕೆಲಸ ಹೋಗ್ತಿತ್ತು. ಯಾಕೋ ನಾಲಿಗಿ ಹೊಳ್ಳಲಿಲ್ಲ.

"ಆಕಿ ಕಿವಿ ಛಲೋ ಅದಾವ್ರಿ. ತಪ್ಪು ನನ್ನ ಬಾಯಿದು," ಅಂದೆ. ಎಪ್ಪತ್ತು ವರ್ಷದಾಗ ಆ ಮಾತು ಅಂದದ್ದು ಅದ ಮೊದಲ. ಆಕಿ ಕೆಲಸ ಉಳೀತು.

ಈಗ ದನಿ ಕಿತ್ತು ಗಂಟಿ ಕೂಡ್ರಿಸೀನಿ. ಗಂಟಿಗೆ ಯಾವ ಭಾಷೆದೂ ತಂಟೆ ಇಲ್ಲ. ಆದ್ರ ಅದು ಹೊಡಕೊಂಡ್ರ ಆಕಿ ಮೊದಲ ಕಣ್ಣು ಮುಚ್ಚಿ ಕೈ ಮುಗೀತಾಳಂತ, ಆಮ್ಯಾಲ ಮೋಟರ ಬಂದ್ ಮಾಡ್ತಾಳಂತ.