ನೀರು ನಿಲ್ಲದ ನೆಲ

ಪುಣೆಯ ಕೊಂಢವಾದಲ್ಲಿ ನಾವು ಕೊಂಡ ಹಳೆಯ ಮನೆಯ ಅಡುಗೆಮನೆಗೆ ನಾನೂ ನನ್ನ ಗಂಡನೂ ಕೈಯಾರೆ ಟೈಲ್ಸ್ ಹಾಕಿದೆವು. ಒದ್ದೆ ಬಟ್ಟೆಯಲ್ಲಿ ಒರೆಸಿ ಮುಗಿಸುವ ನೆಲ ನನಗೆ ನೆಲವೇ ಅಲ್ಲ. ಕಲಬುರಗಿಯ ನನ್ನ ತವರಿನಲ್ಲಿ ಮಾಡುವಂತೆ ಬಕೆಟ್ಟುಗಟ್ಟಲೆ ನೀರು ಸುರಿದು, ಪೊರಕೆಯಿಂದ ತಿಕ್ಕಿ, ಮೂಲೆಯ ಮೋರಿಗೆ ನೂಕಬೇಕು. ಅದಕ್ಕೆ ಮೋರಿಯತ್ತ ಇಳಿಜಾರು ಬೇಕೆಂದಾಗ ಮೇಸ್ತ್ರಿ, ಈಗ ಪುಣೆಯಲ್ಲಿ ಯಾರೂ ಅಡುಗೆಮನೆಗೆ ಹಾಗೆ ಮಾಡಿಸುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ನಕ್ಕುಬಿಟ್ಟ. ಅವನನ್ನು ಕಳಿಸಿ ನಾವೇ ಕರಣೆ ಹಿಡಿದೆವು. ಎಲ್ಲಿ ನೀರು ನಿಂತೀತೋ ಎಂಬ ಭಯಕ್ಕೆ ಇಳಿಜಾರು ತುಸು ಹೆಚ್ಚೇ ಆಯಿತು.

ಸಿಮೆಂಟು ಒಣಗಿದ ಮೇಲೆ, ಗಾಲಿಯಿದ್ದ ಈರುಳ್ಳಿ ಸ್ಟ್ಯಾಂಡನ್ನು ತಂದು ಗೋಡೆಗೆ ಒತ್ತಿ ನಿಲ್ಲಿಸಿದೆವು. ಕೈ ಬಿಟ್ಟದ್ದೇ ತಡ, ಅದು ತಾನಾಗಿಯೇ ಹೊರಟು ಮೋರಿಯ ಹತ್ತಿರ ಹೋಗಿ ನಿಂತಿತು.

ಗಂಡ ಸಪ್ಪೆ ಮುಖ ಮಾಡಿಕೊಂಡು ಸುತ್ತಿಗೆ ಎತ್ತಿಕೊಂಡರು. "ಎಲ್ಲಾ ಒಡದು ಮತ್ತ ಹಾಕೋಣೇನು?"

ನಾನು ಒಂದು ಕೊಡ ನೀರು ಸುರಿದೆ. ನೀರು ಎಲ್ಲೂ ನಿಲ್ಲದೆ ಹರಿದು ಮೋರಿ ಸೇರಿತು.

"ನೆಲ ಬರೋಬ್ಬರಿ ಅದ ರೀ," ಎಂದೆ. "ಆ ಸ್ಟ್ಯಾಂಡಿನ ಗಾಲಿ ಕೀಳ್ರಿ."