ಸವಾಲುಗಳನ್ನು ಪ್ರೀತಿಸುವವರು ಬೇಕಾಗಿದ್ದಾರೆ

ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತ ಮೇಲೆ ಪತ್ರಿಕೆಯಲ್ಲಿ ಆ ಜಾಹೀರಾತು ಕಂಡಿತು. ಕೊಪ್ಪದ ಕಚೇರಿಯೊಂದಕ್ಕೆ ‘ಡೈನಾಮಿಕ್, ಸ್ವಯಂಪ್ರೇರಿತ, ಸವಾಲುಗಳನ್ನು ಪ್ರೀತಿಸುವ’ ಯುವಜನರು ಬೇಕಂತೆ. ನಾನು ಯಾವ ಸವಾಲನ್ನೂ ಪ್ರೀತಿಸಿದವಳಲ್ಲ. ಆದರೂ ಅರ್ಜಿ ಹಾಕಿದೆ, ಕೆಲಸವೂ ಸಿಕ್ಕಿತು. ಎಂತ ಕೆಲಸ ಎಂದು ಮೊದಲ ದಿನ ಗೊತ್ತಾಯಿತು. ನೀರಿನ ಫಿಲ್ಟರ್ ಹೊತ್ತುಕೊಂಡು ಮನೆಮನೆ ಸುತ್ತಿ ಮಾರುವುದು! ಗುಡ್ಡದ ನೀರನ್ನು ಪೈಪಿನಲ್ಲಿ ಅಡುಗೆಮನೆಗೇ ಇಳಿಸಿಕೊಂಡವರಿಗೆ ಫಿಲ್ಟರ್ ಯಾಕೆ ಬೇಕು ಎಂದು ನನಗೇ ಗೊತ್ತಿರಲಿಲ್ಲ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ಕಡೆಯ ಉಪಚಾರ. ಮೇಗುಂದವಿರಲಿ, ಶೃಂಗೇರಿ ಕಡೆಯ ಬೇಗಾರಿರಲಿ, ಬಂದ ಕಾರಣ ಕೇಳುವ ಮೊದಲೇ ಬೆಲ್ಲ ನೀರು ಬರುತ್ತದೆ, ಹಿಂದೆಯೇ ಕಾಫಿ. “ಯಾರ್ ಮನೆ ಕೂಸು ನೀನು?” ಎಂದು ಕೇಳಿದರೆ ಹೇಳದೆ ಇರಲಾಗುವುದಿಲ್ಲ. ಹೇಳಿದರೆ ಅವರ ನಂಟರೂ ನಮ್ಮ ನಂಟರೂ ಎಲ್ಲೋ ಒಂದು ಕಡೆ ಸೇರಿಯೇ ಸೇರುತ್ತಿದ್ದರು. ನಂಟಸ್ತಿಕೆ ಹೊರಬಿದ್ದ ಮೇಲೆ, ಅವರದೇ ಕಾಫಿ ಕುಡಿದು, ಬ್ಯಾಗಿನಿಂದ ಫಿಲ್ಟರ್ ತೆಗೆಯಲು ಕೈ ಬರುತ್ತಿರಲಿಲ್ಲ. ಆರೇಳು ಮನೆಯ ಕಾಫಿಗೆ ಎದೆಯುರಿ ಹತ್ತಿಸಿಕೊಂಡು ಬರಿಗೈಯಲ್ಲಿ ಬಸ್ ಹತ್ತುತ್ತಿದ್ದೆ. “ನಿಮ್ಮಲ್ಲಿ ಡ್ರೈವ್ ಇಲ್ಲ” ಎಂದರು ಕಚೇರಿಯ ಸಾಹೇಬರು. ಕಾಲಲ್ಲಿ ಜೀವವೇ ಇರಲಿಲ್ಲ, ಡ್ರೈವ್ ಎಲ್ಲಿಂದ ಬರಬೇಕು?

ಕೆಲವು ತಿಂಗಳ ಮೇಲೆ ಅವರೇ ಒಂದು ದಾರಿ ತೋರಿಸಿದರು. ನನ್ನ ಜಾಗಕ್ಕೆ ಇನ್ನೊಬ್ಬರನ್ನು ಹುಡುಕಿ ಸೇರಿಸಿದರೆ ನನಗೆ ಕಚೇರಿಯಲ್ಲೇ ಮೇಜು, ಕುರ್ಚಿ. ಇಲ್ಲವಾದರೆ ಕೆಲಸ ಬಿಡುವುದು. ಜಾಹೀರಾತನ್ನೂ ನಾನೇ ಬರೆಯಬೇಕಿತ್ತು. ‘ಮನೆಮನೆಗೆ ತಿರುಗುವ ಕೆಲಸ’ ಎಂದು ಬರೆದೆ. ಹಾಗೆ ಬರೆದರೆ ಯಾರು ಬರುತ್ತಾರೆ? ಹೊಡೆದು ಹಾಕಿ ‘ಬೆಳವಣಿಗೆಗೆ ವಿಪುಲ ಅವಕಾಶ’ ಎಂದು ಮಾಡಿದೆ.

ನರಸಿಂಹರಾಜಪುರದಿಂದ ಒಬ್ಬರು ಹೆಂಗಸು ಬಂದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಎಡಗಾಲು ಎಳೆಯುತ್ತಾ ಮೆಟ್ಟಿಲು ಹತ್ತಿ ಬಂದು, ಸುಧಾರಿಸಿಕೊಂಡು, ಜಾಹೀರಾತಿನ ತುಂಡನ್ನು ಮೇಜಿನ ಮೇಲಿಟ್ಟರು.

“ಇದ್ರಲ್ಲಿ ಎಂತ ಬರ್ದಿದ್ದಾರೆ ಅಂತ ಸರೀ ಗೊತ್ತಾಗ್ಲಿಲ್ಲಮ್ಮ. ಆಫೀಸ್ ಅಂತ ಇತ್ತಲ್ಲ, ಅದಕ್ಕೇ ಬಂದೆ. ಕೂತು ಮಾಡೋ ಕೆಲ್ಸ ಅಲ್ವಾ? ನಂಗೆ ಜಾಸ್ತಿ ನಡೀಲಿಕ್ಕಾಗಲ್ಲ.”

ನಾಚಿಕೆಯಾಯಿತು, ನಿಜ. ಆದರೆ ನಾಚಿಕೆಗಿಂತ ಹೆಚ್ಚು ಸುಸ್ತಾಗಿತ್ತು.

“ಮೊದ್ಲು ಸೈನ್ ಮಾಡಿ ಅಕ್ಕಾ” ಎಂದು ಫಾರಂ ಅವರ ಮುಂದಿಟ್ಟು, ಜಾಗ ತೋರಿಸಿದೆ.